ಹಕ್ಕು ಕೊಟ್ಟರು, ನೆಲ ಕೊಡಲಿಲ್ಲ

1865ರ ಜನವರಿ 12ರ ರಾತ್ರಿ ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನಾ ಪಟ್ಟಣದಲ್ಲಿ, ಚಾರ್ಲ್ಸ್ ಗ್ರೀನ್ ಎಂಬ ಹತ್ತಿ ವ್ಯಾಪಾರಿಯ ಬಂಗಲೆಯ ಮಹಡಿಯಲ್ಲಿ ಒಂದು ಸಭೆ ಸೇರಿತು. ಒಂದು ಕಡೆ ಯುದ್ಧ ಖಾತೆಯ ಮಂತ್ರಿ ಎಡ್ವಿನ್ ಸ್ಟಾಂಟನ್ ಮತ್ತು ಅಟ್ಲಾಂಟಾದಿಂದ ಕಡಲ ತನಕ ದಕ್ಷಿಣದ ನೆಲವನ್ನು ಸುಡುತ್ತಾ ಬಂದಿದ್ದ ಜನರಲ್ ವಿಲಿಯಂ ಶೆರ್ಮನ್. ಎದುರಿಗೆ ಆ ಊರಿನ ಚರ್ಚುಗಳ 20 ಮಂದಿ ಕಪ್ಪು ಮುಖಂಡರು. ಅವರಲ್ಲಿ ಬಹಳಷ್ಟು ಜನ ಗುಲಾಮರಾಗಿ ಬಾಳಿದವರು. ಕೆಲವರಂತೂ ಮೂರು ವಾರದ ಹಿಂದೆ ಶೆರ್ಮನ್ನರ ಸೈನ್ಯ ಊರೊಳಗೆ ಕಾಲಿಡುವವರೆಗೂ ಯಾರೋ ಒಬ್ಬ ಧಣಿಯ ಸೊತ್ತಾಗಿದ್ದವರು. ತಮ್ಮೆಲ್ಲರ ಪರವಾಗಿ ಮಾತಾಡಲು ಅವರು ಆರಿಸಿಕೊಂಡದ್ದು 67 ವರ್ಷದ ಗ್ಯಾರಿಸನ್ ಫ್ರೇಜಿಯರ್ ಅವರನ್ನು. ಬ್ಯಾಪ್ಟಿಸ್ಟ್ ಪಂಥದ ಈ ಪಾದ್ರಿ ಎಂಟು ವರ್ಷದ ಹಿಂದೆ ಬೆಳ್ಳಿ ಬಂಗಾರದ ನಾಣ್ಯಗಳಲ್ಲಿ 1000 ಡಾಲರ್ ಎಣಿಸಿಕೊಟ್ಟು ತಮ್ಮನ್ನೂ ತಮ್ಮ ಹೆಂಡತಿಯನ್ನೂ ಬಿಡಿಸಿಕೊಂಡಿದ್ದರು.

ಸ್ಟಾಂಟನ್ ಒಂದೊಂದಾಗಿ ಪ್ರಶ್ನೆ ಕೇಳಿದರು, ಉತ್ತರಗಳನ್ನು ಬರೆಸಿಕೊಂಡರು. ಗುಲಾಮಗಿರಿ ಎಂದರೆ ಏನೆಂದು ತಿಳಿದಿದ್ದೀರಿ? ಒಬ್ಬನ ಒಪ್ಪಿಗೆಯಿಲ್ಲದೆ ಅವನ ದುಡಿಮೆಯನ್ನು ಇನ್ನೊಬ್ಬ ಬಲವಂತವಾಗಿ ತೆಗೆದುಕೊಳ್ಳುವುದು, ಎಂದರು ಫ್ರೇಜಿಯರ್. ಬಿಡುಗಡೆ ಎಂದರೆ? ನಮ್ಮ ದುಡಿಮೆಯ ಫಲ ನಮಗೇ ಸಿಗುವುದು. ನಿಮ್ಮ ಬದುಕನ್ನು ನೀವು ನೋಡಿಕೊಳ್ಳುವ ಬಗೆ ಹೇಗೆ? ನಮಗೆ ನೆಲ ಬೇಕು, ಅದನ್ನು ನಮ್ಮ ಕೈಯಾರೆ ಉತ್ತು ಬಿತ್ತಿ ಬದುಕುತ್ತೇವೆ, ಕೊಂಡುಕೊಳ್ಳುವ ಶಕ್ತಿ ಬಂದ ದಿನ ಕೊಂಡುಕೊಳ್ಳುತ್ತೇವೆ ಎಂಬರ್ಥದ ಉತ್ತರ ಬಂತು. ಶೆರ್ಮನ್ ಬಗ್ಗೆ ನಿಮ್ಮ ಜನ ಏನನ್ನುತ್ತಾರೆ ಎಂದು ಕೇಳುವಾಗ ಮಾತ್ರ ಮಂತ್ರಿಗಳು ಆ ಜನರಲ್‌ರನ್ನು ಕೋಣೆಯಿಂದ ಹೊರಗೆ ಕಳಿಸಿದರು.

ಮಂತ್ರಿ ಅಷ್ಟು ದೂರ ಬರಲು ಒಂದು ಕಾರಣವಿತ್ತು. ಸೈನ್ಯದ ಬೆನ್ನ ಹಿಂದೆ ಸಾವಿರಾರು ಗುಲಾಮರು ಗಂಟು ಮೂಟೆ ಕಟ್ಟಿಕೊಂಡು ನಡೆದು ಬಂದಿದ್ದರು. ಡಿಸೆಂಬರಿನಲ್ಲಿ ಎಬೆನೀಜರ್ ಎಂಬ ಹಳ್ಳವನ್ನು ಸೈನ್ಯ ದಾಟಿದ ಕೂಡಲೇ ಶೆರ್ಮನ್ನರ ಕೈಕೆಳಗಿನ ಸೇನಾಧಿಕಾರಿಯೊಬ್ಬ ತೇಲುಸೇತುವೆಯನ್ನು ಎಳೆಸಿಬಿಟ್ಟ. ಹಿಂದೆ ವೈರಿಯ ಕುದುರೆ ಸವಾರರು, ಮುಂದೆ ಚಳಿಗಾಲದ ನೀರು. ಹೆಂಗಸರು ಮಕ್ಕಳೆನ್ನದೆ ಎಷ್ಟೋ ಜನ ಮುಳುಗಿ ಸತ್ತರು. ಆ ಸುದ್ದಿ ರಾಜಧಾನಿ ಮುಟ್ಟಿ ಗದ್ದಲವೆದ್ದಿತ್ತು. ಸಭೆ ನಡೆದ ನಾಲ್ಕನೆಯ ದಿನ ಶೆರ್ಮನ್ 15ನೇ ವಿಶೇಷ ಆದೇಶವನ್ನು ಹೊರಡಿಸಿದರು. ಚಾರ್ಲ್ಸ್‌ಟನ್‌ನಿಂದ ಫ್ಲಾರಿಡಾದ ಸೇಂಟ್ ಜಾನ್ಸ್ ನದಿಯ ತನಕ ಕಡಲ ದ್ವೀಪಗಳು ಮತ್ತು ದಂಡೆಯಿಂದ 30 ಮೈಲಿ ಒಳಗಿನವರೆಗೆ ಧಣಿಗಳು ಬಿಟ್ಟು ಓಡಿದ್ದ ಭತ್ತದ ಗದ್ದೆಗಳು, ಒಟ್ಟು ಸುಮಾರು 4 ಲಕ್ಷ ಎಕರೆ, ಬಿಡುಗಡೆಯಾದ ಜನರಿಗೆ ಮೀಸಲು. ಒಂದು ಕುಟುಂಬಕ್ಕೆ 40 ಎಕರೆಯವರೆಗೆ. ಜೂನ್ ಹೊತ್ತಿಗೆ ಸುಮಾರು 40 ಸಾವಿರ ಜನ ಅಲ್ಲಿ ನೆಲೆ ನಿಂತಿದ್ದರು.

ಶೆರ್ಮನ್ ಕಪ್ಪು ಜನರ ಗೆಳೆಯರೇನೂ ಅಲ್ಲ. ಹಿಂದೆ ಬಿದ್ದ ಜನರ ಹೊಣೆ ಕಳೆದರೆ ಸಾಕೆನಿಸಿತ್ತು ಅವರಿಗೆ. ಆದರೂ ಅಂತರ್ಯುದ್ಧದ ಬೆನ್ನಿಗೇ ದಕ್ಷಿಣವನ್ನು ಮತ್ತೆ ಕಟ್ಟಹೊರಟ ಅಮೆರಿಕದ ಪುನರ್ನಿರ್ಮಾಣದ ಇಡೀ ಕಥೆಯಲ್ಲಿ ಬಿಡುಗಡೆಯಾದವರನ್ನೇ ಕೂರಿಸಿಕೊಂಡು ಏನು ಬೇಕೆಂದು ಕೇಳಿ, ಕೇಳಿದ್ದನ್ನು ಕೊಟ್ಟ ಗಳಿಗೆ ಅದೊಂದೇ ಎಂದು ನನಗೆ ಅನ್ನಿಸುತ್ತದೆ. ಮುಂದಿನ 12 ವರ್ಷಗಳಲ್ಲಿ ಅವರಿಗೆ ಪೌರತ್ವ ಬಂತು, ಮತ ಬಂತು, ಶಾಸನಸಭೆಯ ಕುರ್ಚಿ ಬಂತು. ನೆಲ ಬರಲಿಲ್ಲ. ಉಳಿದುದೆಲ್ಲ ಒಂದೊಂದಾಗಿ ಕೈಜಾರಿದ್ದಕ್ಕೆ ಬೇರು ಅಲ್ಲಿದೆ.

ಯುದ್ಧದ ಲೆಕ್ಕವನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1860ರ ಜನಗಣತಿಯ ಪ್ರಕಾರ ದಕ್ಷಿಣದ ರಾಜ್ಯಗಳಲ್ಲಿ 39 ಲಕ್ಷಕ್ಕೂ ಮೀರಿ ಗುಲಾಮರಿದ್ದರು. ಲಿಂಕನ್ ಅಧ್ಯಕ್ಷರಾಗಿ ಆರಿಸಿ ಬಂದ ಮೇಲೆ, ಗುಲಾಮಗಿರಿಗೆ ಕುತ್ತು ಬಂತೆಂದು 11 ರಾಜ್ಯಗಳು ಒಕ್ಕೂಟದಿಂದ ಸಿಡಿದು ಬೇರೆ ಬಾವುಟ ಹಾರಿಸಿದವು. 1861ರಿಂದ 1865ರವರೆಗೆ ನಡೆದ ಕಾಳಗದಲ್ಲಿ ಸತ್ತವರು 6,20,000 ಎಂದು ಬಹುಕಾಲ ಹೇಳುತ್ತಿದ್ದರು. ಜನಗಣತಿಯ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿದ ಈಚಿನ ಅಧ್ಯಯನ ಅದನ್ನು 7,50,000ದ ಹತ್ತಿರಕ್ಕೆ ಒಯ್ದಿದೆ. ಯುದ್ಧದ ಬಿಸಿ ನಮ್ಮ ಧಾರವಾಡ, ಹುಬ್ಬಳ್ಳಿ, ಗದಗದ ಹೊಲಗಳಿಗೂ ತಟ್ಟಿತ್ತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿದಾಗ ಲ್ಯಾಂಕಾಶೈರಿನ ಗಿರಣಿಗಳು ಇಂಡಿಯಾದ ಹತ್ತಿಗೆ ಕೈಚಾಚಿದವು. ಅಮೆರಿಕನ್ ಬೀಜದಿಂದಲೇ ಬೆಳೆದ ಧಾರವಾಡದ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. 1865ರಲ್ಲಿ ಕದನ ನಿಂತದ್ದೇ ಆ ಬೆಲೆ ನೆಲಕಚ್ಚಿತು. ಕಳೆದುಕೊಂಡ ಮಾರುಕಟ್ಟೆಯನ್ನು ಬೇಗ ಮರಳಿ ಹಿಡಿಯಬೇಕೆಂಬ ಆತುರ ದಕ್ಷಿಣದ ಧಣಿಗಳಿಗೆ. ಹತ್ತಿಗೆ ಆಳು ಬೇಕು. ಆಳಾಗಿದ್ದವರು ಈಗ ಸ್ವತಂತ್ರರು. ಮುಂದಿನ ಹಿಂಸೆಯನ್ನೆಲ್ಲ ಇದನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು.

ಏಪ್ರಿಲ್ 9ರಂದು ದಕ್ಷಿಣದ ಸೇನಾನಿ ರಾಬರ್ಟ್ ಲೀ ಶರಣಾದರು. ಆರನೆಯ ದಿನ ಲಿಂಕನ್ ಗುಂಡೇಟಿನಿಂದ ತೀರಿಕೊಂಡರು. ಉಪಾಧ್ಯಕ್ಷರಾಗಿದ್ದ ಆಂಡ್ರೂ ಜಾನ್ಸನ್ ಅಧ್ಯಕ್ಷರಾದರು. ಜಾನ್ಸನ್ ಟೆನೆಸ್ಸಿಯವರು, ದರ್ಜಿಯಾಗಿ ಬದುಕು ಶುರು ಮಾಡಿದ ಬಡವರ ಮಗ, ದೊಡ್ಡ ಧಣಿಗಳನ್ನು ಕಂಡರೆ ಆಗದವರು. ಬಂಡೆದ್ದವರನ್ನು ಇವರು ಬಿಡುವುದಿಲ್ಲವೆಂದು ಉತ್ತರದವರು ನಂಬಿದ್ದರು. ಆದರೆ ಜಾನ್ಸನ್ನರ ಕಣ್ಣಿನಲ್ಲಿ ದೇಶವೆಂದರೆ ಬಿಳಿಯರದು. 20 ಸಾವಿರ ಡಾಲರಿಗಿಂತ ಹೆಚ್ಚು ಆಸ್ತಿಯಿದ್ದ ಬಂಡಾಯಗಾರರು ತನ್ನ ಹತ್ತಿರ ಬಂದು ವೈಯಕ್ತಿಕವಾಗಿ ಕ್ಷಮೆ ಕೇಳಬೇಕೆಂದು ಆಜ್ಞೆ ಮಾಡಿದರು. ಕೇಳಿದವರಿಗೆ ಸಾವಿರಗಟ್ಟಲೆ ಕ್ಷಮಾಪತ್ರ ಹಂಚಿದರು. ಕ್ಷಮೆಯ ಹಿಂದೆಯೇ ಭೂಮಿಯೂ ವಾಪಸು.

ಆ ಸುದ್ದಿಯನ್ನು ದಕ್ಷಿಣ ಕ್ಯಾರೊಲಿನಾದ ಎಡಿಸ್ಟೊ ದ್ವೀಪದ ಜನರಿಗೆ ಹೇಳುವ ಕೆಲಸ ಬಿದ್ದದ್ದು ಜನರಲ್ ಆಲಿವರ್ ಹೋವರ್ಡ್ ಅವರ ಮೇಲೆ. ಬಿಡುಗಡೆಯಾದವರ ಯೋಗಕ್ಷೇಮಕ್ಕೆಂದು ಸಂಸತ್ತು ಆ ಮಾರ್ಚ್‌ನಲ್ಲಿ ಸ್ಥಾಪಿಸಿದ್ದ ಫ್ರೀಡ್‌ಮೆನ್ಸ್ ಬ್ಯೂರೋ ಎಂಬ ಇಲಾಖೆಗೆ ಅವರು ಮುಖ್ಯಸ್ಥರು. 1862ರ ಕಾಳಗದಲ್ಲಿ ಬಲಗೈ ಕಳೆದುಕೊಂಡವರು, ದೈವಭಕ್ತರು, ಈ ಆದೇಶ ಅವರಿಗೂ ಇಷ್ಟವಿರಲಿಲ್ಲ. ಅಕ್ಟೋಬರಿನ ಆ ದಿನ ಚರ್ಚ್ ಕಿಕ್ಕಿರಿದಿತ್ತು. ನೆಲವನ್ನು ಹಳೆಯ ಯಜಮಾನರಿಗೆ ಬಿಟ್ಟುಕೊಡಬೇಕಾಗುತ್ತದೆ, ಅವರ ಜೊತೆ ಒಪ್ಪಂದ ಮಾಡಿಕೊಂಡು ಕೂಲಿಗೆ ದುಡಿಯಿರಿ ಎಂದು ಹೋವರ್ಡ್ ಹೇಳುತ್ತಿದ್ದಂತೆ ಜನ ದಂಗೆದ್ದರು, ಯಾರ ಮಾತೂ ಯಾರಿಗೂ ಕೇಳದಾಯಿತು. ಆಗ ಒಬ್ಬ ಹೆಂಗಸು ದುಃಖದ ಹಾಡೊಂದನ್ನು ಎತ್ತಿಕೊಂಡಳು, ಚರ್ಚ್ ಪೂರ್ತಿ ದನಿಗೂಡಿಸಿತು. ನಮ್ಮ ನೆಲವನ್ನು ಯಾಕೆ ಕಿತ್ತುಕೊಳ್ಳುತ್ತೀರಿ ಎಂದು ಮೇಲಿನ ಅಂತಸ್ತಿನಿಂದ ಒಬ್ಬ ಕೂಗಿ ಕೇಳಿದ.

ಆ ದ್ವೀಪದವರು ಹೆನ್ರಿ ಬ್ರಾಮ್, ಇಷ್ಮಾಯೆಲ್ ಮೌಲ್ಟ್ರಿ, ಯೇಟ್ಸ್ ಸ್ಯಾಂಪ್ಸನ್ ಎಂಬ ಮೂವರ ಸಮಿತಿ ಮಾಡಿ ಹೋವರ್ಡ್ ಅವರಿಗೆ ಒಂದು ಪತ್ರ ಬರೆದರು. ಕಾಗುಣಿತ ನೆಟ್ಟಗಿಲ್ಲದ ಆ ಪತ್ರದ ವಾದ ಮಾತ್ರ ನೆಟ್ಟಗಿತ್ತು. ಧಣಿಗಳನ್ನು ಕ್ಷಮಿಸಿ ಎನ್ನುತ್ತೀರಿ. ನೀವು ಕಳೆದುಕೊಂಡದ್ದು ಒಂದು ಕೈ, ನೀವು ಕ್ಷಮಿಸಬಹುದು. ನನ್ನನ್ನು ಮರಕ್ಕೆ ಕಟ್ಟಿ 39 ಏಟು ಹೊಡೆದವನು, ನನ್ನ ತಾಯಿಯ, ತಂಗಿಯ ಬಟ್ಟೆ ಬಿಚ್ಚಿಸಿ ಬಾರಿಸಿದವನು, ತನ್ನ ಹೊಲದಲ್ಲಿ ತಾನು ಹೇಳಿದ ದರಕ್ಕೆ ದುಡಿದರಷ್ಟೇ ಖಾಲಿ ಬಿದ್ದ ಗುಡಿಸಿಲಿನಲ್ಲಿ ಇರಗೊಡುವವನು, ನನಗೆ ನೆಲ ಸಿಕ್ಕರೆ ತನ್ನ ಹಂಗಿಗೆ ಬರುವುದಿಲ್ಲವೆಂದು ತಿಳಿದೇ ಅದನ್ನು ತಪ್ಪಿಸಲು ಉಳಿದವರ ಜೊತೆ ಸೇರಿಕೊಂಡವನು, ಅವನನ್ನು ಕ್ಷಮಿಸಲು ನನ್ನಿಂದಾಗದು. ಇದು ಅವರು ಬರೆದದ್ದರ ಸಾರ. ನೂರು ವರ್ಷ ವಿದ್ವಾಂಸರು ಹೇಳಲು ಹಿಂಜರಿದ ಮಾತನ್ನು ಆ ಮೂವರು ಒಂದೇ ಹಾಳೆಯಲ್ಲಿ ಹೇಳಿ ಮುಗಿಸಿದ್ದರು. ಪತ್ರದಿಂದ ಏನೂ ಆಗಲಿಲ್ಲ. ಒಪ್ಪಂದಕ್ಕೆ ಒಪ್ಪದವರನ್ನು ಸೈನಿಕರು ಒಕ್ಕಲೆಬ್ಬಿಸಿದರು.

ಜಾನ್ಸನ್ ಕೊಟ್ಟ ಸಲಿಗೆಯಿಂದ ದಕ್ಷಿಣದ ರಾಜ್ಯಗಳು ಅದೇ ಚಳಿಗಾಲದಲ್ಲಿ ಕಪ್ಪು ಜನರಿಗೆಂದೇ ಬೇರೆ ಕಾನೂನುಗಳನ್ನು ಬರೆದವು. ಮಿಸ್ಸಿಸಿಪ್ಪಿಯಲ್ಲಿ ಪ್ರತಿ ಜನವರಿ ಎರಡನೇ ವಾರದೊಳಗೆ ಯಾವ ಧಣಿಯ ಹತ್ತಿರ ಕೆಲಸಕ್ಕಿದ್ದೇನೆಂಬ ಕಾಗದ ತೋರಿಸಬೇಕು. ವರ್ಷದ ನಡುವೆ ಕೆಲಸ ಬಿಟ್ಟರೆ ಅಲ್ಲಿಯವರೆಗಿನ ಕೂಲಿಗೂ ಎಳ್ಳುನೀರು. ಪಟ್ಟಣದಾಚೆ ಹೊಲ ಗೇಣಿಗೆ ಹಿಡಿಯುವಂತಿಲ್ಲ. ಕೆಲಸವಿಲ್ಲದವನು ಅಲೆಮಾರಿ, ಅಲೆಮಾರಿಗೆ ದಂಡ, ದಂಡ ಕಟ್ಟಲಾಗದವನನ್ನು ದಂಡ ಕಟ್ಟಿದವನ ಹತ್ತಿರ ದುಡಿಯಲು ಹಚ್ಚುವುದು. ದಕ್ಷಿಣ ಕ್ಯಾರೊಲಿನಾದಲ್ಲಿ ಬೇಸಾಯ, ಮನೆಗೆಲಸ ಬಿಟ್ಟು ಬೇರೆ ಕಸುಬು ಮಾಡಬೇಕಾದರೆ ವರ್ಷಕ್ಕೆ 10ರಿಂದ 100 ಡಾಲರ್ ತೆರಿಗೆ. ಡಿಸೆಂಬರಿನಲ್ಲಿ 13ನೇ ತಿದ್ದುಪಡಿ ಗುಲಾಮಗಿರಿಯನ್ನು ಸಂವಿಧಾನದಿಂದ ಅಳಿಸಿತ್ತು. ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸುವುದನ್ನು ಮಾತ್ರ ಅದು ಬಿಟ್ಟಿತ್ತು. ಆ ಸಣ್ಣ ಕಿಂಡಿಯಿಂದ ಹಳೆಯದೆಲ್ಲ ಒಳಗೆ ಬಂತು.

ಇತ್ತ ಬಿಡುಗಡೆಯಾದವರು ಸುಮ್ಮನೆ ಕೂತಿರಲಿಲ್ಲ. ಮಾರಿಹೋಗಿದ್ದ ಗಂಡ, ಹೆಂಡತಿ, ಮಕ್ಕಳನ್ನು ಹುಡುಕುತ್ತಾ ನೂರಾರು ಮೈಲಿ ನಡೆದರು. ಇಂಥ ವರ್ಷ ಇಂಥ ಧಣಿ ಇಂಥ ವ್ಯಾಪಾರಿಗೆ ಮಾರಿದ ನನ್ನ ತಾಯಿಯನ್ನು ಕಂಡವರಿದ್ದರೆ ತಿಳಿಸಿ ಎಂದು ಪತ್ರಿಕೆಗಳಲ್ಲಿ ಪ್ರಕಟಣೆ ಹಾಕಿಸಿದರು. ಅಂಥ ಪ್ರಕಟಣೆಗಳು ದಶಕಗಳ ಕಾಲ ಬರುತ್ತಲೇ ಇದ್ದವು. ಕಾನೂನು ಎಂದೂ ಒಪ್ಪದಿದ್ದ ತಮ್ಮ ಮದುವೆಗಳನ್ನು ಸರತಿಯಲ್ಲಿ ನಿಂತು ನೋಂದಾಯಿಸಿದರು. ಬಿಳಿಯರ ಚರ್ಚಿನ ಹಿಂದಿನ ಸಾಲುಗಳನ್ನು ಬಿಟ್ಟು ತಮ್ಮದೇ ಚರ್ಚ್ ಕಟ್ಟಿಕೊಂಡರು. ಎಲ್ಲಕ್ಕಿಂತ ಹೆಚ್ಚಾಗಿ ಓದು. ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿದ್ದ ರಾಜ್ಯಗಳಲ್ಲಿ ಅಜ್ಜಿಯೂ ಮೊಮ್ಮಗಳೂ ಒಂದೇ ಬೆಂಚಿನಲ್ಲಿ ಕೂತು ವರ್ಣಮಾಲೆ ತಿದ್ದಿದರು. ನ್ಯಾಶ್‌ವಿಲ್‌ನ ಫಿಸ್ಕ್, ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯಗಳು ಹುಟ್ಟಿದ್ದು ಈ ಹಸಿವಿನಿಂದಲೇ.

ಜಾನ್ಸನ್ನರ ದಾರಿಗೆ ಸಂಸತ್ತು ಅಡ್ಡ ನಿಂತಿತು. ಅಂದಿನ ಪಕ್ಷಗಳನ್ನು ಇಂದಿನ ಹೆಸರಿನಿಂದ ಅಳೆಯಬಾರದು. ರಿಪಬ್ಲಿಕನ್ ಆಗ ಲಿಂಕನ್ ಪಕ್ಷ, ಗುಲಾಮಗಿರಿಯ ವಿರೋಧಿ. ದಕ್ಷಿಣದ ಬಿಳಿ ಧಣಿಗಳ ಪಕ್ಷ ಡೆಮಾಕ್ರಟಿಕ್. ರಿಪಬ್ಲಿಕನ್ನರಲ್ಲಿ ಪೆನ್ಸಿಲ್ವೇನಿಯಾದ ಥ್ಯಾಡಿಯಸ್ ಸ್ಟೀವನ್ಸ್ ಎಲ್ಲರಿಗಿಂತ ಮುಂದೆ ಹೋಗಿ, ದೊಡ್ಡ ಧಣಿಗಳ ಜಮೀನು ಮುಟ್ಟುಗೋಲು ಹಾಕಿ ಕುಟುಂಬಕ್ಕೆ 40 ಎಕರೆಯಂತೆ ಹಂಚಬೇಕೆಂದು ವಾದಿಸಿದರು. ಸ್ವಂತ ಪಕ್ಷದವರೇ ಕೈಕೊಟ್ಟರು. ಆಸ್ತಿಯ ಹಕ್ಕು ಪವಿತ್ರವೆಂದು ನಂಬಿದ್ದ ಉತ್ತರದ ಕಾರ್ಖಾನೆದಾರರಿಗೆ ಮುಟ್ಟುಗೋಲಿನ ಮಾತು ನಡುಕ ಹುಟ್ಟಿಸಿತು. ಸ್ಟೀವನ್ಸ್ 1868ರಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ, ಬಣ್ಣ ನೋಡದೆ ಎಲ್ಲರನ್ನೂ ಸೇರಿಸಿಕೊಳ್ಳುವ ಸಣ್ಣ ಸ್ಮಶಾನದಲ್ಲಿ ಅವರನ್ನು ಹೂಳಿದರು.

ನೆಲದ ವಿಷಯದಲ್ಲಿ ಹಿಂಜರಿದ ಸಂಸತ್ತು ಕಾನೂನಿನ ವಿಷಯದಲ್ಲಿ ಗಟ್ಟಿಯಾಯಿತು. ಅದನ್ನು ಇನ್ನಷ್ಟು ಗಟ್ಟಿ ಮಾಡಿದ್ದು ರಕ್ತಪಾತ. 1866ರ ಮೇ ಮೊದಲ ವಾರ ಮೆಂಫಿಸ್‌ನಲ್ಲಿ ಪೊಲೀಸರೂ ಸೇರಿದ ಬಿಳಿಯರ ಗುಂಪು 46 ಕಪ್ಪು ಜನರನ್ನು ಕೊಂದು, ಅವರ ಚರ್ಚು ಶಾಲೆಗಳನ್ನೆಲ್ಲ ಸುಟ್ಟಿತು. ಜುಲೈನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಮತದ ಹಕ್ಕಿಗಾಗಿ ಸೇರಿದ್ದವರ ಮೇಲೆ ಅಂಥದೇ ದಾಳಿ. ಉತ್ತರದ ಮತದಾರರು ಕೆರಳಿದರು. ಅಧ್ಯಕ್ಷರ ನಿರಾಕರಣೆಯನ್ನು ತಳ್ಳಿಹಾಕಿ ಸಂಸತ್ತು ಮೆಂಫಿಸ್ಸಿಗೆ ಮುಂಚೆಯೇ ನಾಗರಿಕ ಹಕ್ಕುಗಳ ಕಾಯಿದೆ ಮಾಡಿತ್ತು, ಅದನ್ನು ಯಾರೂ ಅಳಿಸದಂತೆ ಜೂನ್ ತಿಂಗಳಲ್ಲಿ 14ನೇ ತಿದ್ದುಪಡಿಯನ್ನು ಬರೆದಿತ್ತು. ಅಮೆರಿಕದ ನೆಲದಲ್ಲಿ ಹುಟ್ಟಿ ಅದರ ಕಾನೂನಿಗೆ ಒಳಪಟ್ಟವರೆಲ್ಲ ಪೌರರು. ಯಾವ ರಾಜ್ಯವೂ ಯಾರಿಗೂ ಕಾನೂನಿನ ಸಮಾನ ರಕ್ಷಣೆಯನ್ನು ನಿರಾಕರಿಸಕೂಡದು. ಕಪ್ಪು ಜನ ಎಂದಿಗೂ ಪೌರರಾಗಲಾರರೆಂದು 1857ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟಿದ್ದ ತೀರ್ಪಿಗೆ ಇದು ಉತ್ತರ. 1867ರ ಮಾರ್ಚ್‌ನಲ್ಲಿ ಸಂಸತ್ತು ಬಂಡೆದ್ದವುಗಳಲ್ಲಿ ಹತ್ತು ರಾಜ್ಯಗಳನ್ನು ಐದು ಸೇನಾ ವಲಯಗಳಾಗಿ ವಿಂಗಡಿಸಿ, ಕಪ್ಪು ಗಂಡಸರಿಗೂ ಮತ ಕೊಟ್ಟು ಹೊಸ ಸಂವಿಧಾನ ಬರೆದರಷ್ಟೇ ಒಕ್ಕೂಟಕ್ಕೆ ಮರಳಬಹುದೆಂದು ವಿಧಿಸಿತು. ಜಾನ್ಸನ್ ಮೇಲೆ ಮಹಾಭಿಯೋಗವೂ ನಡೆಯಿತು. ಸೆನೆಟ್ಟಿನಲ್ಲಿ ಒಂದೇ ಒಂದು ಮತದಿಂದ ಉಳಿದುಕೊಂಡರು.

ಎರಡು ವರ್ಷದ ಹಿಂದೆ ಸಂತೆಯಲ್ಲಿ ಮಾರಾಟವಾಗಬಹುದಾಗಿದ್ದ 7 ಲಕ್ಷಕ್ಕೂ ಹೆಚ್ಚು ಗಂಡಸರು ಆ ವರ್ಷ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿದರು. ಲೋಕದ ಇತಿಹಾಸದಲ್ಲಿ ಇಷ್ಟು ಬೇಗ ಗುಲಾಮರು ಆಳುವವರಾದ ನಿದರ್ಶನಗಳು ತೀರಾ ಅಪರೂಪ. ಇದರ ಅರ್ಥ ತಿಳಿಯಲು ರಾಬರ್ಟ್ ಸ್ಮಾಲ್ಸ್ ಎಂಬ ಒಬ್ಬರ ಬದುಕನ್ನು ನೋಡಿದರೆ ಸಾಕು.

ಸ್ಮಾಲ್ಸ್ 1839ರಲ್ಲಿ ದಕ್ಷಿಣ ಕ್ಯಾರೊಲಿನಾದ ಬ್ಯೂಫರ್ಟ್‌ನಲ್ಲಿ ಧಣಿಯ ಮನೆಯ ಹಿತ್ತಿಲ ಗುಡಿಸಿಲಿನಲ್ಲಿ ಗುಲಾಮರಾಗಿ ಹುಟ್ಟಿದವರು. ಯುದ್ಧದಲ್ಲಿ ಪ್ಲಾಂಟರ್ ಎಂಬ ಉಗಿಹಡಗಿನ ಚುಕ್ಕಾಣಿ ಹಿಡಿಯುವ ಕೆಲಸಕ್ಕೆ ಅವರನ್ನು ಹಚ್ಚಿದ್ದರು. 1862ರ ಮೇ 13ರ ನಸುಕಿನಲ್ಲಿ ಬಿಳಿ ಅಧಿಕಾರಿಗಳು ದಡದಲ್ಲಿ ಮಲಗಿರುವಾಗ ಸ್ಮಾಲ್ಸ್ ಹಡಗನ್ನು ಬಿಚ್ಚಿದರು. ಇನ್ನೊಂದು ಕಟ್ಟೆಯಲ್ಲಿ ಅಡಗಿದ್ದ ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡರು. ಕ್ಯಾಪ್ಟನ್ನರ ಹುಲ್ಲಿನ ಟೊಪ್ಪಿ ತಲೆಗಿಟ್ಟು, ಅವರು ನಿಲ್ಲುವ ಭಂಗಿಯಲ್ಲೇ ನಿಂತು, ಕೋಟೆಯ ಮುಂದೆ ಹಾದಾಗ ಊದಬೇಕಾದ ಸೀಟಿಯನ್ನು ತಪ್ಪದೆ ಊದಿಸಿ, ಸಮ್ಟರ್ ಕೋಟೆಯ ಫಿರಂಗಿಗಳ ಕೆಳಗೇ ದಾಟಿದರು. ಹೊರಗೆ ಕಾದಿದ್ದ ಉತ್ತರದ ಯುದ್ಧನೌಕೆ ಗುಂಡು ಹಾರಿಸುವ ಮುಂಚೆ ಹಾಸಿಗೆಯ ಬಿಳಿ ಬಟ್ಟೆಯನ್ನು ಬಾವುಟದ ಕಂಬಕ್ಕೇರಿಸಿದರು. ಹಡಗಿನಲ್ಲಿದ್ದ 16 ಜನಕ್ಕೂ ಅಂದು ಬಿಡುಗಡೆ. ಯುದ್ಧಕಾಲದಲ್ಲೇ ತೆರಿಗೆ ಬಾಕಿಯ ಹರಾಜಿನಲ್ಲಿ ಅವರು ಧಣಿಯ ಮನೆಯನ್ನೇ ಕೊಂಡರು. 1868ರಲ್ಲಿ ಚಾರ್ಲ್ಸ್‌ಟನ್‌ನಲ್ಲಿ ರಾಜ್ಯದ ಹೊಸ ಸಂವಿಧಾನ ಬರೆಯಲು ಸಭೆ ಸೇರಿದಾಗ ಸ್ಮಾಲ್ಸ್ ಅಲ್ಲಿ ಪ್ರತಿನಿಧಿ. ಬಹುಸಂಖ್ಯೆಯಲ್ಲಿ ಕಪ್ಪು ಜನರೇ ಇದ್ದ ಆ ಸಭೆಯಲ್ಲಿ ಅವರು ಒತ್ತಾಯಿಸಿದ್ದು ಎಲ್ಲ ಮಕ್ಕಳಿಗೂ ಪುಕ್ಕಟೆ ಸರಕಾರಿ ಶಾಲೆ. ಬಿಳಿ ಬಡವರ ಮಕ್ಕಳೂ ಆ ರಾಜ್ಯದಲ್ಲಿ ಸರಕಾರದ ಖರ್ಚಿನಲ್ಲಿ ಕ್ರಮವಾಗಿ ಓದಲು ಶುರು ಮಾಡಿದ್ದು ಆ ಸಂವಿಧಾನದಿಂದ.

1870ರಲ್ಲಿ ಮಿಸ್ಸಿಸಿಪ್ಪಿಯ ಹೈರಮ್ ರೆವೆಲ್ಸ್ ಸೆನೆಟ್ಟಿಗೆ, ದಕ್ಷಿಣ ಕ್ಯಾರೊಲಿನಾದ ಜೋಸೆಫ್ ರೇನಿ ಕೆಳಮನೆಗೆ ಹೋದರು; ಸಂಸತ್ತಿನ ಮೆಟ್ಟಿಲು ಹತ್ತಿದ ಮೊದಲ ಕಪ್ಪು ಸದಸ್ಯರು ಅವರು. ಹಳ್ಳಿಯ ನ್ಯಾಯಾಧೀಶನಿಂದ ಹಿಡಿದು ಸೆನೆಟರ್ ತನಕ ಸುಮಾರು 2000 ಕಪ್ಪು ಜನ ಆ ವರ್ಷಗಳಲ್ಲಿ ಅಧಿಕಾರ ಹಿಡಿದರೆಂದು ಇತಿಹಾಸಕಾರ ಎರಿಕ್ ಫೋನರ್ ಲೆಕ್ಕ ಹಾಕಿದ್ದಾರೆ. ಅದೇ ವರ್ಷ 15ನೇ ತಿದ್ದುಪಡಿ, ಬಣ್ಣದ ಕಾರಣಕ್ಕೆ ಮತ ನಿರಾಕರಿಸುವಂತಿಲ್ಲವೆಂದು ಸಾರಿತು. ಹೆಂಗಸರನ್ನು ಅದು ಹೊರಗೇ ಇಟ್ಟಿತು, ಅದಕ್ಕಾಗಿ ಹಳೆಯ ಹೋರಾಟದ ಒಡನಾಡಿಗಳು ಇಬ್ಭಾಗವಾದರು. ಈ ಸರಕಾರಗಳಲ್ಲಿ ಲಂಚ, ರೈಲುಮಾರ್ಗದ ಹಗರಣ ಇದ್ದದ್ದು ನಿಜ. ಆದರೆ ಆ ದಶಕದ ನ್ಯೂಯಾರ್ಕಿನಲ್ಲೂ ವಾಷಿಂಗ್ಟನ್ನಿನಲ್ಲೂ ಅದಕ್ಕಿಂತ ದೊಡ್ಡ ಲೂಟಿ ನಡೆದಿತ್ತು. ಅದನ್ನು ನೆಪ ಮಾಡಿ ಬಿಳಿಯರ ಮತ ಕಿತ್ತುಕೊಳ್ಳಬೇಕೆಂದು ಯಾರೂ ಹೇಳಲಿಲ್ಲ.

ಸೋತವರು ಮುಸುಕು ಹಾಕಿಕೊಂಡರು. ಕು ಕ್ಲಕ್ಸ್ ಕ್ಲ್ಯಾನ್ ಹುಟ್ಟಿದ್ದು ಟೆನೆಸ್ಸಿಯ ಪುಲಾಸ್ಕಿಯಲ್ಲಿ. ರಾತ್ರಿ ಹೊತ್ತು ಬಂದು ಶಾಲೆ ಸುಡುವುದು, ಮೇಷ್ಟ್ರನ್ನು ಓಡಿಸುವುದು, ಮತ ಹಾಕುವವನನ್ನು ಹೆಂಡತಿ ಮಕ್ಕಳ ಮುಂದೆ ಹೊಡೆದು ಸಾಯಿಸುವುದು. ಅವರ ಗುರಿಯಲ್ಲಿದ್ದವರನ್ನು ಗಮನಿಸಿ: ಸ್ವಂತ ನೆಲ ಮಾಡಿಕೊಂಡವರು, ಓದಿದವರು, ಜನರನ್ನು ಒಗ್ಗೂಡಿಸಿದವರು. ಜಾನ್ಸನ್ನರ ನಂತರ ಅಧ್ಯಕ್ಷರಾದ ಗ್ರಾಂಟ್ ಇದಕ್ಕೆ ಬಗ್ಗಲಿಲ್ಲ. ಹೊಸದಾಗಿ ಸ್ಥಾಪಿಸಿದ ನ್ಯಾಯ ಇಲಾಖೆಗೆ ಆಮೋಸ್ ಏಕರ್‌ಮನ್ ಅವರನ್ನು ತಂದರು; ಒಂದು ಕಾಲಕ್ಕೆ ದಕ್ಷಿಣದ ಸೇನೆಯಲ್ಲಿದ್ದ ಏಕರ್‌ಮನ್ ಕ್ಲ್ಯಾನಿನ ಬೆನ್ನು ಮುರಿಯಲು ಪಣತೊಟ್ಟರು. 1871ರ ಅಕ್ಟೋಬರಿನಲ್ಲಿ ದಕ್ಷಿಣ ಕ್ಯಾರೊಲಿನಾದ ಒಂಬತ್ತು ಕೌಂಟಿಗಳಲ್ಲಿ ಸೈನ್ಯ ನೂರಾರು ಜನರನ್ನು ಹಿಡಿಯಿತು, ಕ್ಲ್ಯಾನ್ ಚದುರಿಹೋಯಿತು. ಮನಸ್ಸಿದ್ದಾಗ ಸರಕಾರಕ್ಕೆ ಇದು ಸಾಧ್ಯವಿತ್ತು ಎಂಬುದನ್ನು ಮರೆಯಬಾರದು. ಎರಡೇ ತಿಂಗಳಲ್ಲಿ ಏಕರ್‌ಮನ್ ಹುದ್ದೆ ಬಿಡಬೇಕಾಯಿತು.

1873ರ ಏಪ್ರಿಲ್ 13, ಈಸ್ಟರ್ ಭಾನುವಾರ. ಲೂಯಿಸಿಯಾನಾದ ಕೋಲ್‌ಫ್ಯಾಕ್ಸ್ ಎಂಬ ಸಣ್ಣ ಊರಿನಲ್ಲಿ ಚುನಾವಣೆಯ ಜಗಳದಿಂದಾಗಿ ಕಪ್ಪು ಜನ ನ್ಯಾಯಾಲಯದ ಕಟ್ಟಡವನ್ನು ಕಾಯುತ್ತಿದ್ದರು. ಫಿರಂಗಿ ಸಮೇತ ಬಂದ ಬಿಳಿಯರ ಪಡೆ ಕಟ್ಟಡಕ್ಕೆ ಬೆಂಕಿ ಹಚ್ಚಿ, ಹೊರಗೆ ಬಂದವರನ್ನು ಕೊಂದಿತು. ಸೆರೆಸಿಕ್ಕವರನ್ನು ಆ ರಾತ್ರಿ ಸಾಲಾಗಿ ಒಯ್ದು ಗುಂಡಿಕ್ಕಿತು. ಸತ್ತವರ ಸಂಖ್ಯೆ 60ರಿಂದ 150ರವರೆಗೆ ಎಂದು ಬೇರೆ ಬೇರೆ ಲೆಕ್ಕಗಳಿವೆ. ಶಿಕ್ಷೆಯಾದದ್ದು ಮೂವರಿಗೆ. 1876ರಲ್ಲಿ ಸುಪ್ರೀಂ ಕೋರ್ಟ್ ಆ ಮೂವರನ್ನೂ ಬಿಟ್ಟಿತು: 14ನೇ ತಿದ್ದುಪಡಿ ಕಟ್ಟಿಹಾಕುವುದು ರಾಜ್ಯ ಸರಕಾರಗಳನ್ನು, ಖಾಸಗಿ ವ್ಯಕ್ತಿಗಳನ್ನಲ್ಲ ಎಂದು. ಕೊಲೆಗಾರರಿಗೆ ಇದಕ್ಕಿಂತ ದೊಡ್ಡ ಅಭಯ ಬೇಕಿರಲಿಲ್ಲ. ಇದು ದುರಾಡಳಿತದ ಅಂತ್ಯವನ್ನು ಗುರುತಿಸುವ ಸ್ಥಳವೆಂದು ಕೊಂಡಾಡುವ ಫಲಕವೊಂದನ್ನು ರಾಜ್ಯ ಸರಕಾರ 1950ರಲ್ಲಿ ಆ ಊರಲ್ಲಿ ನಿಲ್ಲಿಸಿತು. ಅದನ್ನು ತೆಗೆದದ್ದು 2021ರಲ್ಲಿ.

1873ರಲ್ಲೇ ಬ್ಯಾಂಕುಗಳು ಕುಸಿದವು, ಉತ್ತರದವರ ಗಮನ ತಮ್ಮ ಕೆಲಸ ಕಾರ್ಯಗಳ ಕಡೆ ಹೊರಳಿತು. ಬಿಡುಗಡೆಯಾದವರಿಗೆಂದೇ ತೆರೆದಿದ್ದ ಫ್ರೀಡ್‌ಮನ್ಸ್ ಬ್ಯಾಂಕ್ 1874ರಲ್ಲಿ ಬಾಗಿಲು ಹಾಕಿತು. ಬಟ್ಟೆ ಒಗೆದು, ಸೌದೆ ಒಡೆದು ಉಳಿಸಿದ ಸುಮಾರು 30 ಲಕ್ಷ ಡಾಲರ್ ಅಲ್ಲಿತ್ತು; 61 ಸಾವಿರ ಜನರದು. ಮೇಲಿನವರು ಅದನ್ನು ರಾಜಧಾನಿಯ ಸಟ್ಟಾ ವ್ಯವಹಾರಗಳಿಗೆ ಸಾಲ ಕೊಟ್ಟಿದ್ದರು. ನೆಲ ಕೊಳ್ಳಲೆಂದು ಕೂಡಿಟ್ಟ ಎಷ್ಟೋ ಜನರ ಗಂಟು ಹಾಗೆ ಕರಗಿತು. ಹಳ್ಳಿಯಲ್ಲಿ ಉಳಿದದ್ದು ಪಾಲಿನ ಬೇಸಾಯ. ನೆಲ ಧಣಿಯದು, ಬೀಜ, ಎತ್ತು ಧಣಿಯದು, ವರ್ಷದ ಜೋಳದ ಹಿಟ್ಟು, ಹಂದಿಮಾಂಸ ಅಂಗಡಿಯಿಂದ ಉದ್ದರಿ. ಹತ್ತಿ ಬಿಡಿಸಿದ ಮೇಲೆ ಅರ್ಧ ಪಾಲು ಧಣಿಗೆ, ಉಳಿದರ್ಧದಲ್ಲಿ ಸಾಲ ಬಡ್ಡಿ ವಜಾ. ಲೆಕ್ಕದ ಪುಸ್ತಕ ಧಣಿಯ ಕೈಯಲ್ಲಿ. ಸುಗ್ಗಿ ಮುಗಿದಾಗ ಬಾಕಿ ಉಳಿಯುತ್ತಿತ್ತು, ಮುಂದಿನ ವರ್ಷವೂ ಅದೇ ಹೊಲ. ಮತ ಹಾಕಲು ಹೋದರೆ ಗುಡಿಸಿಲು ಖಾಲಿ ಮಾಡು ಎನ್ನುವವನ ಎದುರು ಎಂಥ ತಿದ್ದುಪಡಿ ತಾನೇ ನಿಂತೀತು?

1875ರಲ್ಲಿ ಮಿಸ್ಸಿಸಿಪ್ಪಿಯಲ್ಲಿ ಡೆಮಾಕ್ರಟಿಕ್ ಪಕ್ಷದವರು ಹಾಡಹಗಲೇ ಬಂದೂಕು ಹಿಡಿದು ಚುನಾವಣೆ ಗೆದ್ದರು. ಅಲ್ಲಿನ ರಾಜ್ಯಪಾಲ ಅಡೆಲ್ಬರ್ಟ್ ಏಮ್ಸ್ ಸೈನ್ಯ ಕಳಿಸಿ ಎಂದು ಅಂಗಲಾಚಿದರೂ ಗ್ರಾಂಟ್ ಸರಕಾರ ಈ ಸಲ ಕಳಿಸಲಿಲ್ಲ. ಮರುವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಟಿಲ್ಡನ್ ಅವರಿಗೆ 184 ಮತ, ಗೆಲ್ಲಲು ಒಂದು ಕಡಮೆ. 20 ಮತಗಳು ತಕರಾರಿನಲ್ಲಿ. 15 ಜನರ ಆಯೋಗ ಎಂಟಕ್ಕೆ ಏಳರಂತೆ ಅಷ್ಟನ್ನೂ ರಿಪಬ್ಲಿಕನ್ ಹೇಯ್ಸ್ ಅವರಿಗೆ ಕೊಟ್ಟಿತು. ಅದಕ್ಕೆ ಪ್ರತಿಯಾಗಿ ಗುಟ್ಟಿನ ಒಪ್ಪಂದ ನಡೆಯಿತೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. 1877ರ ಏಪ್ರಿಲ್‌ನಲ್ಲಿ ದಕ್ಷಿಣ ಕ್ಯಾರೊಲಿನಾದ ಕೊಲಂಬಿಯಾ, ಲೂಯಿಸಿಯಾನಾದ ನ್ಯೂ ಆರ್ಲಿಯನ್ಸ್‌ಗಳ ಶಾಸನಭವನಗಳನ್ನು ಕಾಯುತ್ತಿದ್ದ ಸೈನಿಕರು ಬ್ಯಾರಕ್ಕಿಗೆ ಮರಳಿದ್ದಂತೂ ಸತ್ಯ. ಅಲ್ಲಿಗೆ ದಕ್ಷಿಣದ ಕೊನೆಯ ಎರಡು ರಿಪಬ್ಲಿಕನ್ ಸರಕಾರಗಳೂ ಬಿದ್ದವು.

ಮತದ ಹಕ್ಕು ಒಂದೇ ದಿನದಲ್ಲಿ ಹೋಗಲಿಲ್ಲ. ಮಿಸ್ಸಿಸಿಪ್ಪಿ 1890ರಲ್ಲಿ ದಾರಿ ತೋರಿಸಿತು: ತಲೆತೆರಿಗೆ, ಅಕ್ಷರ ಪರೀಕ್ಷೆ, ಪರೀಕ್ಷೆ ಮಾಡುವ ಗುಮಾಸ್ತನ ಇಷ್ಟ. ಬಣ್ಣ ಎಂಬ ಪದ ಎಲ್ಲೂ ಇಲ್ಲ. ಲೂಯಿಸಿಯಾನಾದಲ್ಲಿ 1896ರಲ್ಲಿ 1,30,334 ಕಪ್ಪು ಮತದಾರರಿದ್ದರು, 1900ರಲ್ಲಿ 5,320. ಪ್ರತ್ಯೇಕ ರೈಲುಡಬ್ಬಿ ಸಮಾನತೆಗೆ ವಿರುದ್ಧವಲ್ಲವೆಂದು 1896ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಭಿನ್ನಮತ ಬರೆದವರು ನ್ಯಾಯಮೂರ್ತಿ ಹಾರ್ಲನ್ ಒಬ್ಬರೇ. ಐದು ಬಾರಿ ಸಂಸತ್ತಿಗೆ ಆರಿಸಿ ಬಂದಿದ್ದ ರಾಬರ್ಟ್ ಸ್ಮಾಲ್ಸ್, ತಮ್ಮ ರಾಜ್ಯ 1895ರಲ್ಲಿ ಮತ್ತೆ ಸಂವಿಧಾನ ಬರೆಯುವಾಗ ಉಳಿದಿದ್ದ ಆರು ಕಪ್ಪು ಪ್ರತಿನಿಧಿಗಳಲ್ಲಿ ಒಬ್ಬರಾಗಿ ಎದ್ದು ನಿಂತು ವಾದಿಸಿದರು. ಸೋತರು. ಹೊಸ ಸಂವಿಧಾನಕ್ಕೆ ಸಹಿ ಹಾಕಲು ಒಪ್ಪಲಿಲ್ಲ.

ಪುನರ್ನಿರ್ಮಾಣದ ಕಾಲವನ್ನು ನೋಡುವ ಬಗೆಯಲ್ಲೂ ಒಂದು ಯುದ್ಧ ನಡೆದಿದೆ. ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ಡನಿಂಗ್ ಮತ್ತು ಅವರ ಶಿಷ್ಯರು 20ನೇ ಶತಮಾನದ ಆರಂಭದಲ್ಲಿ ಬರೆದ ಪುಸ್ತಕಗಳು ಇದನ್ನು ಅಜ್ಞಾನಿಗಳ ಕೈಗೆ ಅಧಿಕಾರ ಕೊಟ್ಟ ಕೆಟ್ಟ ಕಾಲವೆಂದವು. ಶಾಲೆಯ ಮಕ್ಕಳು ಎರಡು ತಲೆಮಾರು ಅದನ್ನೇ ಓದಿದರು. 1935ರಲ್ಲಿ ಕಪ್ಪು ವಿದ್ವಾಂಸ ಡು ಬಾಯ್ಸ್ ತಮ್ಮ ದೊಡ್ಡ ಗ್ರಂಥದಲ್ಲಿ ಈ ಕಥೆಯ ಕೇಂದ್ರಕ್ಕೆ ಬಿಡುಗಡೆಯಾದ ದುಡಿಮೆಗಾರರನ್ನು ತಂದರು. ಪಂಡಿತರು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. 1960ರ ದಶಕದ ನಾಗರಿಕ ಹಕ್ಕುಗಳ ಚಳವಳಿಯ ನಂತರ ಅವರ ವಾದವೇ ಮುಖ್ಯಧಾರೆಯಾಯಿತು. ನೆಲ ಹಂಚಿದ್ದರೂ ಹತ್ತಿಯ ಬೆಲೆ ಬಿದ್ದ ಮೇಲೆ ಸಣ್ಣ ಹಿಡುವಳಿದಾರರು ಸಾಲಕ್ಕೆ ಸಿಲುಕುತ್ತಿದ್ದರು ಎಂದು ಕೆಲವರು ಇಂದೂ ಹೇಳುತ್ತಾರೆ. ಇರಬಹುದು. ಬಿಳಿ ಸಣ್ಣ ರೈತರಲ್ಲೂ ಎಷ್ಟೋ ಜನರಿಗೆ ಆದದ್ದು ಅದೇ. ಆದರೆ ಸ್ವಂತ ಹೊಲದಲ್ಲಿ ನಿಂತವನನ್ನು ಚುನಾವಣೆಯ ಮುಂಚಿನ ರಾತ್ರಿ ಒಕ್ಕಲೆಬ್ಬಿಸುವುದು ಅಷ್ಟು ಸುಲಭವಾಗುತ್ತಿರಲಿಲ್ಲ.

ಕೋಲ್‌ಫ್ಯಾಕ್ಸ್ ಹತ್ಯಾಕಾಂಡ ನಡೆದ ವರ್ಷವೇ ಪುಣೆಯಲ್ಲಿ ಜ್ಯೋತಿಬಾ ಫುಲೆ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು, ಗುಲಾಮರ ಬಿಡುಗಡೆಗೆ ಹೋರಾಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದ್ದರು. 14ನೇ ತಿದ್ದುಪಡಿಯ ಸಮಾನ ರಕ್ಷಣೆಯ ಮಾತು ನಮ್ಮ ಸಂವಿಧಾನದ 14ನೇ ವಿಧಿಯಲ್ಲೂ ಇದೆ. ಅಮೆರಿಕದಲ್ಲಿ ಅದು ಸುಮಾರು 90 ವರ್ಷ ಕಾಗದದಲ್ಲೇ ಮಲಗಿತ್ತು. 1954ರಲ್ಲಿ ಬಿಳಿಯರ ಶಾಲೆಗಳ ಬಾಗಿಲನ್ನು ಕಪ್ಪು ಮಕ್ಕಳಿಗೆ ತೆರೆಸಿದ್ದು ಅದೇ ತಿದ್ದುಪಡಿ. 1965ರ ಮತದಾನ ಹಕ್ಕು ಕಾಯಿದೆ ನಿಂತದ್ದು 1870ರ 15ನೇ ತಿದ್ದುಪಡಿಯ ಬುನಾದಿಯ ಮೇಲೆ. ಮಿಸ್ಸಿಸಿಪ್ಪಿಯಲ್ಲಿ ಪಟ್ಟಿಯಲ್ಲಿದ್ದ ಕಪ್ಪು ಮತದಾರರು ಎರಡೇ ವರ್ಷದಲ್ಲಿ ನೂರಕ್ಕೆ 7ರಿಂದ ಸುಮಾರು 60ಕ್ಕೇರಿದರು.

14ನೇ ತಿದ್ದುಪಡಿ ಕೊಟ್ಟ ಹುಟ್ಟಿದ ನೆಲದ ಪೌರತ್ವ ಚೀನೀ ತಂದೆತಾಯಿಯ ಮಗನಿಗೂ ಸಲ್ಲುತ್ತದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1898ರಲ್ಲಿ. 1965ರಲ್ಲೇ ವಲಸೆ ಕಾನೂನು ಸಡಿಲಗೊಂಡು ಕನ್ನಡಿಗರು ಅಮೆರಿಕಕ್ಕೆ ಹೋಗಿ ನೆಲೆಸತೊಡಗಿದಾಗ ಅವರ ಮಕ್ಕಳು ಹುಟ್ಟಿನಿಂದಲೇ ಅಲ್ಲಿನ ಪೌರರಾದದ್ದು ಇದೇ ಸಾಲಿನಿಂದ. 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ, ತಾತ್ಕಾಲಿಕ ವೀಸಾದಲ್ಲಿರುವವರ ಮಕ್ಕಳಿಗೆ ಈ ಹಕ್ಕಿಲ್ಲವೆಂದಿತು. ಕೆಳ ನ್ಯಾಯಾಲಯಗಳು ತಡೆದವು, ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು. ಎಚ್-1ಬಿ ವೀಸಾದ ಮೇಲೆ ಹೋದ ಮಗಳ ಬಾಣಂತನಕ್ಕೆಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ವಿಮಾನ ಹತ್ತುವ ತಾಯಂದಿರ ಮನೆಯ ಸುದ್ದಿ ಇದು. ಆ ಮೊಕದ್ದಮೆಯ ವರದಿ ಓದುವಾಗ, ಆ ಸಾಲುಗಳು ಸಂವಿಧಾನಕ್ಕೆ ಬಂದದ್ದು ಮೆಂಫಿಸ್ಸಿನ, ನ್ಯೂ ಆರ್ಲಿಯನ್ಸಿನ ಕಪ್ಪು ಜನರ ಸಾವಿನ ಮೇಲೆ ಎಂಬುದನ್ನು ದಯವಿಟ್ಟು ನೆನೆಯಿರಿ, ಮೊಮ್ಮಕ್ಕಳಿಗೂ ಹೇಳಿ.